ಟೈಪಿಂಗ್ ಮೇಷ್ಟ್ರು ಕಟ್ಟಿದ ಗೂಡ್ಸ್ ಯಾರ್ಡ್

ಹೋದ ತಿಂಗಳು ನಮ್ಮ ಕಚೇರಿಯ ಸ್ಟೋರ್ ರೂಮು ಖಾಲಿ ಮಾಡುವಾಗ ಹಳೆಯ ದಪ್ಪ ಮಾನಿಟರ್ ಒಂದು ಸಿಕ್ಕಿತು. ಗುಜರಿಗೆ ಹಾಕುವ ಮೊದಲು ಕೆಲಸ ಮಾಡುತ್ತದೋ ಇಲ್ಲವೋ ನೋಡೋಣ ಎಂದು ಯಾರೋ ಪ್ಲಗ್ ಚುಚ್ಚಿದರು. ಪರದೆಯ ಮೇಲೆ ಏನೂ ಮೂಡಲಿಲ್ಲ. ಒಳಗಿನ ಧೂಳು ಮಾತ್ರ ಬಿಸಿಯಾಗಿ ಒಂದು ವಾಸನೆ ಬಂತು. ಸುಟ್ಟ ವಾಸನೆಯಲ್ಲ, ಬಿಸಿಲಿಗೆ ಹಾಕಿದ ಹಳೆಯ ಕಂಬಳಿಯ ವಾಸನೆಯಂಥದು. ಜೊತೆಯವರು ಕಿಟಕಿ ತೆಗೆದರು. ನನಗೆ ಆ ವಾಸನೆ ಗೊತ್ತಿತ್ತು. ದೇವನಹಳ್ಳಿಯ ಒಂದು ಮಹಡಿ ಕೋಣೆ, ಮಧ್ಯಾಹ್ನದ ಹೊತ್ತು, ಹೋದ ಕರೆಂಟು ಮರಳಿ ಬಂದ ಗಳಿಗೆ...

ಎಂಬತ್ತರ ದಶಕದ ಕೊನೆಯಲ್ಲಿ ನಾನು ಒಂದು ಕನ್ನಡ ಪತ್ರಿಕೆಗೆ ಆ ತಾಲ್ಲೂಕಿನ ಸುದ್ದಿ ಕಳಿಸುತ್ತಿದ್ದೆ. ಬಸ್ ನಿಲ್ದಾಣದ ಹತ್ತಿರ, ಬಟ್ಟೆ ಅಂಗಡಿಯೊಂದರ ಮೇಲೆ ಟೈಪಿಂಗ್ ಶಾಲೆ ಇತ್ತು. ನನ್ನ ಕೈಬರಹ ನೋಡಿ ಡೆಸ್ಕಿನವರು ಬೈಯುತ್ತಿದ್ದರು. ಹಾಗಾಗಿ ವಾರಕ್ಕೆ ಮೂರ್ನಾಲ್ಕು ಸಲ ಆ ಮೆಟ್ಟಿಲು ಹತ್ತಿ, ಕಿಟಕಿ ಪಕ್ಕದ ಕನ್ನಡ ಟೈಪ್‌ರೈಟರಿನ ಮುಂದೆ ಕೂರುತ್ತಿದ್ದೆ. ಶಾಲೆಯ ಮಾಲೀಕರು, ಪಾಠ ಹೇಳುವವರು, ಕಸ ಗುಡಿಸುವವರು, ಯಂತ್ರಗಳಿಗೆ ಎಣ್ಣೆ ಸವರುವವರು ಎಲ್ಲ ಒಬ್ಬರೇ. ಊರಿನವರು ಅವರನ್ನು ಟೈಪಿಂಗ್ ಮೇಷ್ಟ್ರು ಎನ್ನುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತಿದ್ದೆ. ಆಗ ಅವರಿಗೆ ನಲವತ್ತರ ಆಸುಪಾಸು. ಮದುವೆಯಾಗಿರಲಿಲ್ಲ. ಮನೆಯಲ್ಲಿ ಅವರು ಮತ್ತು ಅವರ ತಾಯಿ.

ಸುದ್ದಿ ಬರೆಯುವವನಿಗೆ ಮೊದಲು ಕಲಿಸುವುದೇ ಹೆಸರನ್ನೂ ಊರನ್ನೂ ತಪ್ಪಿಲ್ಲದೆ ಬರೆಯಬೇಕೆಂದು. ಇಲ್ಲಿ ಜನರ ಹೆಸರನ್ನೂ ನಿಲ್ದಾಣದ ಊರನ್ನೂ ಬೇಕೆಂದೇ ಬಿಟ್ಟಿದ್ದೇನೆ. ಮುಂದೆ ಹೇಳಲಿರುವ ರೈಲು ನಿಲ್ದಾಣ ಯಲಹಂಕದಿಂದ ಚಿಕ್ಕಬಳ್ಳಾಪುರದ ಕಡೆ ಹೋಗುವ ದಾರಿಯಲ್ಲಿತ್ತು ಎಂದಷ್ಟೇ ಹೇಳಬಲ್ಲೆ. ಸಂಬಂಧಪಟ್ಟವರ ಮಕ್ಕಳು ಮೊಮ್ಮಕ್ಕಳು ಇನ್ನೂ ಆ ಕಡೆಯೇ ಇದ್ದಾರೆ.

ಆ ದಾರಿಯಲ್ಲಿ ಆಗ ಓಡುತ್ತಿದ್ದುದು ಕಿರಿದಾದ ಕಂಬಿಗಳ ಮೇಲಿನ ಸಣ್ಣ ರೈಲು. ಒಂದು ಕಾಲದಲ್ಲಿ ಆ ನಿಲ್ದಾಣದ ಹಿಂದೆ ಗೂಡ್ಸ್ ಯಾರ್ಡ್ ಇತ್ತು. ಹೆಂಚಿನ ಗೂಡ್ಸ್ ಶೆಡ್ಡು, ಅದರ ಮುಂದೆ ವ್ಯಾಗನ್ನುಗಳು ನಿಲ್ಲುವ ಪಕ್ಕದ ಕಂಬಿ, ಕಂಬಿಯ ಕೊನೆಯಲ್ಲಿ ಹಳೆಯ ಮರದ ದಿಮ್ಮಿಗಳನ್ನು ಪೇರಿಸಿ ಮಾಡಿದ ಒಂದು ತಡೆ. ಹುಣಸೆಹಣ್ಣು, ಕಡಲೆಕಾಯಿ, ಆಲೂಗಡ್ಡೆ ಅಲ್ಲಿಂದ ಹೋಗುತ್ತಿದ್ದವು. ಗೊಬ್ಬರ, ಸೀಮೆಎಣ್ಣೆ ಬರುತ್ತಿದ್ದವು. ನಾನು ನೋಡುವ ಹೊತ್ತಿಗೆ ಸರಕೆಲ್ಲ ಲಾರಿಗಳ ಪಾಲಾಗಿತ್ತು. ಕಂಬಿಗಳ ನಡುವೆ ಆಳೆತ್ತರ ಹುಲ್ಲು ಬೆಳೆದು, ಶೆಡ್ಡಿನ ನೆರಳಲ್ಲಿ ಮೇಕೆಗಳು ಮಲಗಿರುತ್ತಿದ್ದವು.

ಮೇಷ್ಟ್ರ ತಂದೆ ಆ ಯಾರ್ಡಿನಲ್ಲಿ ಶಂಟಿಂಗ್ ಜಮಾದಾರರಾಗಿದ್ದವರು. ಯಾವ ವ್ಯಾಗನ್ನು ಎಲ್ಲಿ ನಿಲ್ಲಬೇಕು, ಯಾವುದನ್ನು ಗಾಡಿಗೆ ಜೋಡಿಸಬೇಕು ಎಂದು ನೋಡಿಕೊಳ್ಳುವ ಕೆಲಸ. ಮೇಷ್ಟ್ರು ಹುಟ್ಟಿ ಬೆಳೆದದ್ದು ಯಾರ್ಡಿನ ಅಂಚಿಗಿದ್ದ ರೈಲ್ವೆ ವಸತಿಯಲ್ಲಿ. ಇದನ್ನು ಅವರು ನನಗೆ ಹೇಳಿದ್ದು ಪರಿಚಯವಾಗಿ ಬಹಳ ಕಾಲದ ಮೇಲೆ. ಅದಕ್ಕೆ ಮೊದಲೇ ಬೇರೆಯವರ ಬಾಯಲ್ಲಿ ಕೇಳಿದ್ದೆ. ಬಟ್ಟೆ ಅಂಗಡಿಯವರು ಒಂದು ದಿನ ಮಹಡಿಯ ಕಡೆ ಗಲ್ಲ ಎತ್ತಿ, "ಬೆಣೆ ಮರೆತ ಜಮಾದಾರನ ಮಗ ಸಾರ್ ಅವರು" ಎಂದಿದ್ದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಊರಿನಲ್ಲಿ ಮನೆತನಗಳಿಗೆ ಹೀಗೆ ಒಂದೊಂದು ಗುರುತು ಅಂಟಿಕೊಂಡಿರುತ್ತದೆ.

ನಡೆದದ್ದು ನಾನು ಆ ತಾಲ್ಲೂಕಿಗೆ ಬರುವುದಕ್ಕೆ ಎಷ್ಟೋ ವರ್ಷ ಮೊದಲು. ಶೆಡ್ಡಿನ ಮುಂದೆ ನಿಂತಿದ್ದ ತುಂಬಿದ ವ್ಯಾಗನ್ನೊಂದು ಉರುಳಿಕೊಂಡು ಹೋಗಿ ಕಂಬಿಯ ಕೊನೆಯ ತಡೆಗೆ ಬಡಿದಿತ್ತು. ನಡುವೆ ಸಿಕ್ಕಿ ಒಬ್ಬ ಹಮಾಲಿ ಸತ್ತಿದ್ದ. ಪ್ರಾಯದವನು, ಹೆಂಡತಿ ತುಂಬಿದ ಬಸುರಿ. ನಿಂತ ವ್ಯಾಗನ್ನಿಗೆ ಕೈಬ್ರೇಕು ಹಾಕಿ, ಚಕ್ರದ ಕೆಳಗೆ ಮರದ ಬೆಣೆ ಇಡುವುದು ಜಮಾದಾರರ ಜವಾಬ್ದಾರಿ. ವಿಚಾರಣೆಗೆ ಬಂದವರಿಗೆ ಬೆಣೆ ಎಲ್ಲೂ ಕಾಣಲಿಲ್ಲ. ಕೇಳಿದಾಗ ಜಮಾದಾರರು "ಮರೆತೆ" ಎಂದರು. ಅವರ ಜಮಾದಾರಿಕೆ ಹೋಯಿತು. ವಸತಿ ಬಿಡಿಸಿದರು. ದೂರದ ಒಂದು ಲೆವೆಲ್ ಕ್ರಾಸಿಂಗಿನಲ್ಲಿ ಗೇಟ್ ಕಾಯುವ ಕೆಲಸಕ್ಕೆ ಹಾಕಿದರು. ಸತ್ತವನ ಹೆಂಡತಿಗೆ ನಿಲ್ದಾಣದಲ್ಲಿ ಪ್ರಯಾಣಿಕರಿಗೆ ನೀರು ಕೊಡುವ ಕೆಲಸ ಸಿಕ್ಕಿತು. ಆಕೆ ಅಲ್ಲಿ ಹಿತ್ತಾಳೆ ಕೊಳಗದ ಪಕ್ಕ ನಿಂತಿರುವುದನ್ನು ನಾನೂ ನೋಡಿದ್ದೇನೆ.

ಇದು ಊರಿಗೆಲ್ಲ ಗೊತ್ತಿದ್ದ ಕಥೆ. ಊರಿಗೆ ಗೊತ್ತಿಲ್ಲದ ಒಂದು ಮಾತಿತ್ತು. ತಂದೆ ಕಾಯಿಲೆ ಬಿದ್ದು ಆಸ್ಪತ್ರೆಯಲ್ಲಿದ್ದಾಗ, ಮೇಷ್ಟ್ರು ಗಂಜಿ ಕುಡಿಸುತ್ತಿದ್ದರಂತೆ. ಯಾರೂ ಏನೂ ಕೇಳಿರಲಿಲ್ಲ. ತಂದೆ ತಾವಾಗಿಯೇ, "ಬೆಣೆ ಇಟ್ಟಿದ್ದೆ ಕಣಪ್ಪ" ಎಂದು ಹೇಳಿ ಮಗ್ಗುಲಾದರು. ಆಮೇಲೆ ಅವರು ಹೆಚ್ಚು ದಿನ ಬದುಕಲಿಲ್ಲ. ಆ ವಿಷಯ ಮತ್ತೆ ಎತ್ತಲೂ ಇಲ್ಲ.

ವಿಚಾರಣೆಯಲ್ಲಿ ಮರೆತೆ ಎಂದವರು ಮಗನ ಮುಂದೆ ಇಟ್ಟಿದ್ದೆ ಎಂದರು. ಎರಡರಲ್ಲಿ ಒಂದು ಸುಳ್ಳು. ಯಾವುದು?

ಮೇಷ್ಟ್ರಿಗೆ ಇದು ಬರಿಯ ಕುತೂಹಲವಾಗಿರಲಿಲ್ಲ. ಕಾಲೇಜು ಬಿಟ್ಟು ಟೈಪಿಂಗ್ ಕಲಿಯುತ್ತಿದ್ದ ವಯಸ್ಸಿನಲ್ಲಿ ಒಮ್ಮೆ ಊಟಕ್ಕೆ ಕೂತಿದ್ದಾಗ ಅವರು ತಂದೆಗೆ, "ಒಂದು ಮರದ ತುಂಡು ಇಡೋಕಾಗ್ಲಿಲ್ವಾ ನಿಮ್ಗೆ?" ಎಂದು ಕೇಳಿಬಿಟ್ಟಿದ್ದರು. ತಂದೆ ಎದ್ದು ಕೈ ತೊಳೆದುಕೊಂಡರು. ಅಲ್ಲಿಂದ ಅಪ್ಪ ಮಗನ ನಡುವೆ ಬೇಕಾದಷ್ಟೇ ಮಾತು. ಇದನ್ನು ನನಗೆ ಹೇಳುವಾಗ ಮೇಷ್ಟ್ರು ಟೈಪ್‌ರೈಟರಿನ ಅಕ್ಷರಗಳನ್ನು ಬ್ರಷ್ಷಿನಿಂದ ಉಜ್ಜುತ್ತಿದ್ದರು. ಉಜ್ಜುವುದನ್ನು ನಿಲ್ಲಿಸಲಿಲ್ಲ.

ತೊಂಬತ್ತರ ದಶಕದ ನಡುವೆ ಆ ದಾರಿಯ ಸಣ್ಣ ಕಂಬಿಗಳನ್ನು ಕಿತ್ತು ದೊಡ್ಡ ಕಂಬಿ ಹಾಕುವುದು ಖಚಿತವಾಯಿತು. ನಾನು ಸುದ್ದಿ ಟೈಪು ಮಾಡುತ್ತಿದ್ದಾಗ ಮೇಷ್ಟ್ರು ಹಿಂದೆ ನಿಂತು ಓದಿದರು. ಯಾರ್ಡಿನ ಕಂಬಿಯೂ ಹೋಗುತ್ತದೆಯೇ ಎಂದು ಕೇಳಿದರು. ಹೋಗುತ್ತದೆ ಎಂದೆ. ಮುಂದಿನ ಭಾನುವಾರ ನನಗೇನಾದರೂ ಕೆಲಸ ಇದೆಯೇ ಎಂದು ಕೇಳಿದರು.

ಭಾನುವಾರ ಬೆಳಿಗ್ಗೆ ನಾವಿಬ್ಬರೂ ಆ ಹುಲ್ಲಿನ ಯಾರ್ಡಿನಲ್ಲಿದ್ದೆವು. ಅವರ ಕೈಯಲ್ಲಿ ಗಾರೆ ಕೆಲಸದವರು ಮಟ್ಟ ನೋಡುವ ಉದ್ದನೆಯ ಪೈಪು. ಒಳಗೆ ನೀರು ತುಂಬಿ, ಎರಡು ತುದಿಗಳನ್ನು ಎರಡು ಕಡೆ ಹಿಡಿದರೆ ನೀರು ಎರಡೂ ಕಡೆ ಒಂದೇ ಎತ್ತರಕ್ಕೆ ನಿಲ್ಲುತ್ತದೆ. ನೆಲದ ಏರಿಳಿತ ಗೊತ್ತಾಗುತ್ತದೆ. ಒಂದು ತುದಿಯನ್ನು ಕಂಬಿಯ ಮೇಲೆ ಹಿಡಿದು ಕುಕ್ಕರಗಾಲಲ್ಲಿ ಕೂರುವುದು ನನ್ನ ಪಾಲಿನ ಕೆಲಸ. ನನ್ನ ಕೈ ಅಲುಗುತ್ತಿತ್ತು.

"ಪೇಪರ್‌ನೋರು ಹಿಡಿದ್ರೆ ನೀರೂ ಓರೆಯಾಗುತ್ತೆ ನೋಡಿ" ಎಂದು ಆ ತುದಿಯಿಂದ ಕೂಗಿದರು.

ಇಡೀ ದಿನ ಅಳೆದೆವು. ಬಿಸಿಲೇರಿದಾಗ ಶೆಡ್ಡಿನ ಒಳಗೆ ಕೂತು ಅವರ ತಾಯಿ ಕಟ್ಟಿಕೊಟ್ಟಿದ್ದ ಚಿತ್ರಾನ್ನ ತಿಂದೆವು. ಶೆಡ್ಡಿನ ಬಾಗಿಲುಗಳ ನಡುವಿನ ದೂರ, ತಡೆಯ ಎತ್ತರ, ಅಲ್ಲಿದ್ದ ಹೊಂಗೆಮರ ಕಂಬಿಗೆ ಎಷ್ಟು ಹತ್ತಿರ ಎಲ್ಲವನ್ನೂ ಬರೆದುಕೊಂಡರು. ಯಾಕೆಂದು ಆಗ ಅವರಿಗೂ ಸ್ಪಷ್ಟವಿರಲಿಲ್ಲ ಎಂದು ನನಗನ್ನಿಸುತ್ತದೆ. ಮಾಯವಾಗುವ ಮುನ್ನ ಅಳತೆ ತೆಗೆದಿಡಬೇಕು, ಅಷ್ಟೆ. ಮುಂದಿನ ಮಳೆಗಾಲದೊಳಗೆ ಕಂಬಿಗಳು ಹೋದವು. ಶೆಡ್ಡನ್ನೂ ಕೆಡವಿದರು. ಹೊಂಗೆಮರ ಯಾರ ಒಲೆ ಸೇರಿತೋ...

ಟೈಪಿಂಗ್ ಶಾಲೆಗೆ ಕಂಪ್ಯೂಟರ್ ಬಂದದ್ದು ಅದಾದ ಮೇಲೆ. ಬೋರ್ಡಿನ ಮೇಲೆ 'ಕಂಪ್ಯೂಟರ್ ತರಬೇತಿ' ಎಂದು ಸೇರಿಸಿದರು. ಕರೆಂಟು ಹೋದರೆ ಹುಡುಗಿಯರು ಎದ್ದು ಟೈಪ್‌ರೈಟರಿಗೆ ಹೋಗುತ್ತಿದ್ದರು, ಬಂದರೆ ಮರಳಿ ಕಂಪ್ಯೂಟರಿಗೆ. ಒಂದು ಸಲ ಬೆಂಗಳೂರಿನ ಎಸ್.ಪಿ. ರಸ್ತೆಗೆ ಸಾಮಾನು ತರಲು ಹೋದ ಮೇಷ್ಟ್ರು ಒಂದು ಸಿ.ಡಿ. ತಂದರು. ರೈಲು ಓಡಿಸುವ ಪ್ರೋಗ್ರಾಮ್, ಸಿಮ್ಯುಲೇಟರ್. ಯಾವುದೋ ದೇಶದ ಹಿಮದ ಬೆಟ್ಟಗಳ ನಡುವೆ ಉದ್ದುದ್ದ ರೈಲು. ಅವರಿಗೆ ಅದನ್ನು ಓಡಿಸುವುದರಲ್ಲಿ ಆಸಕ್ತಿ ಇರಲಿಲ್ಲ. ಆ ಪ್ರೋಗ್ರಾಮಿನಲ್ಲಿ ನಮಗೆ ಬೇಕಾದಂತೆ ಕಂಬಿ ಹಾಸಿಕೊಳ್ಳಬಹುದಿತ್ತು. ನೆಲದ ಇಳಿಜಾರು ಎಷ್ಟು, ವ್ಯಾಗನ್ನಿನ ಭಾರ ಎಷ್ಟು, ಬ್ರೇಕು, ಬೆಣೆ ಇವೆಯೋ ಇಲ್ಲವೋ ಎಂದು ಹೇಳಿದರೆ, ಅದು ಲೆಕ್ಕ ಹಾಕಿ ವ್ಯಾಗನ್ನನ್ನು ನಿಲ್ಲಿಸುತ್ತಿತ್ತು ಅಥವಾ ಉರುಳಿಸುತ್ತಿತ್ತು.

ಅದು ಗೊತ್ತಾದ ದಿನ ಅವರು ನನಗೆ ಹೇಳಿದ ಮಾತು ಇಷ್ಟೇ: "ಬ್ರೇಕು ಬೆಣೆ ಎಲ್ಲ ಹಾಕಿದ್ಮೇಲೂ ಆ ಇಳಿಜಾರಲ್ಲಿ ಗಾಡಿ ಜಾರೋ ಹಾಗಿದ್ರೆ, ನಮ್ಮಪ್ಪ ಹೇಳಿದ್ದು ನಿಜ ಅಂತಾಯ್ತಲ್ವಾ? ಆಗ ನೀವು ಬರೀತೀರಾ?"

ಲೆಕ್ಕ ಸರಿಯಿದ್ದರೆ, ಒಬ್ಬ ಇಂಜಿನಿಯರ್ ಅದನ್ನು ಒಪ್ಪಿದರೆ ಬರೆಯುತ್ತೇನೆ ಎಂದೆ. ಅವರು ತಲೆಯಾಡಿಸಿದರು. ಅವರಿಗೂ ಅದಕ್ಕಿಂತ ಕಡಿಮೆಯದು ಬೇಕಿರಲಿಲ್ಲ.

ಕಟ್ಟಲು ವರ್ಷದ ಮೇಲೆ ಹಿಡಿಯಿತು. ಪಾಠ ಮುಗಿದ ಮಧ್ಯಾಹ್ನಗಳಲ್ಲಿ ಕೂರುತ್ತಿದ್ದರು. ಹಿಮದ ಬೆಟ್ಟ ಅಳಿಸಿದರು. ಸೂಜಿಯೆಲೆಯ ಮರಗಳನ್ನು ತೆಗೆದು ಹೊಂಗೆ, ಬೇವು ಬರೆದರು. ಚುಕ್ಕೆ ಚುಕ್ಕೆಯಾಗಿ ಬಣ್ಣ ತುಂಬಿ ಹೆಂಚಿನ ಶೆಡ್ಡು ಎಬ್ಬಿಸಿದರು. ಒಂದು ದಿನ ತಾಯಿಯನ್ನು ಕರೆತಂದು ತೋರಿಸಿದರು. ನಾನೂ ಅಲ್ಲಿದ್ದೆ. ಆ ಅಮ್ಮ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ನಲ್ಲಿ ಆ ಕಡೆ ಇರಲಿಲ್ಲ, ಈ ಕಡೆ ಇತ್ತು ಎಂದರು. ಬೇವಿನಮರ ಅಷ್ಟು ದಪ್ಪವಿರಲಿಲ್ಲ ಎಂದರು. ಆಮೇಲೆ ತಮ್ಮ ವಸತಿಯ ಮೇಲೆ ಬೆರಳಿಟ್ಟರು.

"ಬಾಗಿಲು ಮುಚ್ಚಿಟ್ಟಿದೀಯಲ್ಲೋ. ನಾನ್ಯಾವತ್ತು ಹಗಲಲ್ಲಿ ಬಾಗಿಲು ಮುಚ್ಚಿದ್ದೆ?"

ಮೇಷ್ಟ್ರು ನಕ್ಕು ಬಾಗಿಲು ತೆರೆದರು. ಅಂದರೆ ಕಂದು ಬಣ್ಣವನ್ನು ಅಳಿಸಿ ಕಪ್ಪು ತುಂಬಿದರು. ವ್ಯಾಗನ್ನು ಉರುಳಿದ ದಿನದ ಬಗ್ಗೆ ಕೇಳಿದರೆ ಮಾತ್ರ ತಾಯಿ ಏನೂ ಹೇಳುತ್ತಿರಲಿಲ್ಲವಂತೆ. ಒಲೆಯ ಮೇಲೆ ಹಾಲಿದೆ ಎಂದು ಎದ್ದು ಹೋಗುತ್ತಿದ್ದರಂತೆ. ಗಂಡನ ಅವಮಾನದ ನೆನಪು ಅವರಿಗೆ ಬೇಡ ಎಂದು ಮೇಷ್ಟ್ರು ತಿಳಿದಿದ್ದರು.

ಯಾರ್ಡ್ ಸಿದ್ಧವಾದ ದಿನ ನನ್ನನ್ನು ಕರೆದರು. ತುಂಬಿದ ವ್ಯಾಗನ್ನನ್ನು ಶೆಡ್ಡಿನ ಕೊನೆಯ ಬಾಗಿಲ ಮುಂದೆ ನಿಲ್ಲಿಸಿದ್ದರು. ಅಂದು ಅದು ನಿಂತಿದ್ದದ್ದು ಅಲ್ಲೇ ಎಂದು ಊರಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಬ್ರೇಕು, ಬೆಣೆ ಹಾಕಿ ನೋಡಿದರು. ಅದು ಅಲುಗಲಿಲ್ಲ. ಬೆಣೆ ತೆಗೆದರು. ಆಗಲೂ ಅಲುಗಲಿಲ್ಲ. ಬ್ರೇಕನ್ನೂ ಬಿಟ್ಟರು.

ವ್ಯಾಗನ್ನು ಅಲ್ಲೇ ನಿಂತಿತ್ತು.

ಏನೋ ತಪ್ಪಾಗಿದೆ ಎಂದು ಅಳತೆಗಳನ್ನೆಲ್ಲ ಮತ್ತೆ ನೋಡಿದರು. ತಪ್ಪಿರಲಿಲ್ಲ. ಶೆಡ್ಡಿನ ಉದ್ದಕ್ಕೂ ಕಂಬಿ ಮಟ್ಟಸವಾಗಿತ್ತು; ಕೊನೆಯ ಬಾಗಿಲು ದಾಟಿದ ಮೇಲೆಯೇ ಇಳಿಜಾರು ಶುರುವಾಗುತ್ತಿದ್ದದ್ದು. ಆ ಭಾನುವಾರ ನನ್ನ ಕೈಯಲ್ಲಿದ್ದ ಪೈಪಿನ ನೀರು ಹೇಳಿದ್ದೂ ಅದನ್ನೇ. ಅವರು ಒಂದು ಇಂಜಿನ್ ತಂದು ವ್ಯಾಗನ್ನನ್ನು ಹಿಂದಿನಿಂದ ಸ್ವಲ್ಪ ತಳ್ಳಿದರು. ಚಕ್ರ ಅರ್ಧ ಸುತ್ತು ತಿರುಗಿತಷ್ಟೆ. ಮುಂದಿನ ಗಾಲಿಗಳು ಇಳಿಜಾರಿಗೆ ಬಂದವು. ಆಮೇಲೆ ಯಾರೂ ತಳ್ಳಬೇಕಾಗಲಿಲ್ಲ. ಅದು ನಿಧಾನಕ್ಕೆ ಹೊರಟು, ವೇಗ ಹಿಡಿದು, ತಡೆಗೆ ಬಡಿದು ನಿಂತಿತು.

ಮೇಷ್ಟ್ರು ಕುರ್ಚಿಗೆ ಒರಗಿದರು. ಬೆಣೆ ಇದ್ದರೂ ಇಲ್ಲದಿದ್ದರೂ ಆ ವ್ಯಾಗನ್ನು ತಾನಾಗಿ ಹೋಗುವಂತಿರಲಿಲ್ಲ. ಯಾರೋ ತಳ್ಳಿದ್ದರು. ಆದರೆ ವಿಚಾರಣೆಯಲ್ಲಿ ತಳ್ಳಿದ ಮಾತೇ ಬಂದಿರಲಿಲ್ಲ. ಅಂದು ಇಂಜಿನ್ ಕೂಡ ಅಲ್ಲಿರಲಿಲ್ಲ.

ಆ ಕಾಲದ ಹಮಾಲಿಗಳಲ್ಲಿ ಉಳಿದಿದ್ದವರು ಒಬ್ಬರೇ. ಅವರ ಮುಖಂಡರಾಗಿದ್ದವರು; ಆಗ ಮುದುಕರು, ಎಲ್ಲರಿಗೂ ಹಮಾಲಿ ತಾತ. ಕೆಲವು ದಿನಗಳ ಮೇಲೆ ಮೇಷ್ಟ್ರು ಅವರನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ಬಂದರು. ಮೆಟ್ಟಿಲು ಹತ್ತಲು ತಾತ ನನ್ನ ಭುಜ ಹಿಡಿದುಕೊಂಡರು. ಹಿಡಿತ ಇನ್ನೂ ಗಟ್ಟಿಯಿತ್ತು. ಪರದೆ ನೋಡಿ ಮೊದಲು ಅವರಿಗೆ ನಗು ಬಂತು. ಇಷ್ಟು ದೊಡ್ಡ ಯಾರ್ಡನ್ನು ಈ ಪೆಟ್ಟಿಗೆಯೊಳಗೆ ಹೇಗಪ್ಪಾ ತುಂಬಿದೆ ಎಂದರು. ಶೆಡ್ಡಿನ ಬಾಗಿಲುಗಳನ್ನು ಒಂದೊಂದಾಗಿ ಗುರುತಿಸಿದರು. ಮೂಟೆ ಹೊರುವವರನ್ನು ಎಲ್ಲಿ ಕಳಿಸಿದ್ದೀಯ, ಕೂಲಿ ಜಾಸ್ತಿ ಕೇಳಿದರಾ ಎಂದು ತಮಾಷೆ ಮಾಡಿದರು. ಮನುಷ್ಯರು ತಳ್ಳುವುದು ಈ ಪ್ರೋಗ್ರಾಮಿನಲ್ಲಿ ಇಲ್ಲ ತಾತ, ಇಂಜಿನ್ನೇ ಬೇಕು ಎಂದು ಮೇಷ್ಟ್ರು ವಿವರಿಸಿದರು. ಇಂಜಿನ್ ದಿನಕ್ಕೊಮ್ಮೆ ಬಂದರೆ ಹೆಚ್ಚು, ಮಿಕ್ಕಿದ್ದೆಲ್ಲ ನಮ್ಮ ಹೆಗಲೇ ಎಂದರು ತಾತ.

ಆಮೇಲೆ ಮೇಷ್ಟ್ರು ವ್ಯಾಗನ್ನನ್ನು ಅರ್ಧ ಸುತ್ತು ತಳ್ಳಿದರು.

ತಾತ ನೋಡುತ್ತಿದ್ದರು. ವ್ಯಾಗನ್ನು ಶೆಡ್ಡು ದಾಟಿತು. ಇಳಿಯತೊಡಗಿತು. ಅವರ ಕೈ ಮುಂದೆ ಬಂತು.

"ನಿಲ್ಸಪ್ಪ ಅದನ್ನ. ನಿಲ್ಸು."

ಮೇಷ್ಟ್ರು ನಿಲ್ಲಿಸಿದರು. ಯಾರು ತಳ್ಳಿದ್ದು ತಾತ ಎಂದು ಮೆಲ್ಲಗೆ ಕೇಳಿದರು. ತಾತ ಹೆಗಲ ಮೇಲಿನ ಟವೆಲಿನಿಂದ ಬಾಯಿ ಒರೆಸಿಕೊಂಡರು. ಕೆಳಗೆ ಬಸ್ಸಿನವನು ಚಿಂತಾಮಣಿ ಚಿಂತಾಮಣಿ ಎಂದು ಕೂಗುತ್ತಿದ್ದ.

"ನಾವೇ. ಅವತ್ತು ಆಯುಧಪೂಜೆ ಕಣಪ್ಪ. ನಿಂಬೆಹಣ್ಣು ಇಟ್ಟಿದ್ವಿ."

ಮಿಕ್ಕಿದ್ದನ್ನು ಅವರು ಬಿಡಿಬಿಡಿಯಾಗಿ ಹೇಳಿದರು. ನನಗೆ ನೆನಪಿರುವಂತೆ ಜೋಡಿಸುತ್ತಿದ್ದೇನೆ. ಪ್ರತಿ ವರ್ಷ ಆ ದಿನ ಹಮಾಲಿಗಳು ತೂಕದ ತಕ್ಕಡಿಗೆ, ಮೂಟೆ ಎಳೆಯುವ ಕೊಕ್ಕೆಗಳಿಗೆ, ಒಂದು ವ್ಯಾಗನ್ನಿಗೆ ಪೂಜೆ ಮಾಡುತ್ತಿದ್ದರು. ಬೂದುಗುಂಬಳಕಾಯಿ ಒಡೆದು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಡುತ್ತಿದ್ದರು. ಲಾರಿಯಾದರೆ ಡ್ರೈವರ್ ಹತ್ತಿ ಒಂದು ಮಾರು ಮುಂದೆ ಬಿಟ್ಟರೆ ಹಣ್ಣು ಅರೆಯುತ್ತದೆ, ಪೂಜೆ ಮುಗಿಯುತ್ತದೆ. ವ್ಯಾಗನ್ನಿಗೆ ಡ್ರೈವರ್ ಇಲ್ಲ. ಬ್ರೇಕು ಎತ್ತಿ, ಬೆಣೆ ತೆಗೆದು, ಎಲ್ಲರೂ ಹೆಗಲು ಕೊಟ್ಟು ತಳ್ಳುತ್ತಿದ್ದರು. ಬೇರೆ ವರ್ಷಗಳಲ್ಲಿ ಪೂಜೆಯ ವ್ಯಾಗನ್ನು ಶೆಡ್ಡಿನ ನಡುವೆ ಇರುತ್ತಿತ್ತು. ಎಷ್ಟು ತಳ್ಳಿದರೂ ಮಟ್ಟಸ ನೆಲ. ಆ ವರ್ಷ ಯಾರ್ಡಿನಲ್ಲಿದ್ದದ್ದು ಒಂದೇ ವ್ಯಾಗನ್ನು, ಕೊನೆಯ ಬಾಗಿಲ ಮುಂದೆ. ಜಮಾದಾರರು ಊಟಕ್ಕೆ ಮನೆಗೆ ಹೋಗಿದ್ದರು. ಅವರಿಟ್ಟಿದ್ದ ಬೆಣೆಯನ್ನು ತೆಗೆದು ಅರಿಶಿನ ಕುಂಕುಮ ಹಚ್ಚಿ ಪಕ್ಕದಲ್ಲಿಟ್ಟವನು ಆ ಪ್ರಾಯದ ಹಮಾಲಿಯೇ. ವ್ಯಾಗನ್ನು ನಿಲ್ಲದೆ ಹೊರಟಾಗ, ಮುಂದೆ ಓಡಿ ಚಕ್ರಕ್ಕೆ ಕಲ್ಲು ಕೊಡಲು ಹೋದವನೂ ಅವನೇ.

ಜಮಾದಾರರು ಕೂಗು ಕೇಳಿ ಎಂಜಲು ಕೈಯಲ್ಲೇ ಓಡಿಬಂದರಂತೆ. ನೋಡಿದರಂತೆ. ಎಲ್ಲರೂ ಅಳುತ್ತಾ ನಿಂತಿರುವಾಗ ಅವರೊಬ್ಬರೇ ಬಗ್ಗಿ, ಅರೆದುಹೋದ ನಿಂಬೆಹಣ್ಣು, ಹೂವು, ಕುಂಬಳಕಾಯಿ ಹೋಳು, ಕೊನೆಗೆ ಆ ಬೆಣೆಯನ್ನೂ ಆರಿಸಿ ಪಂಚೆಯ ಮಡಿಲಿಗೆ ಹಾಕಿಕೊಂಡು ಹೋಗಿ ಅಲ್ಲೇ ಇದ್ದ ಒಂದು ಪಾಳುಬಾವಿಗೆ ಎಸೆದರು. ಹಮಾಲಿಗಳೇ ತಳ್ಳಿದ ವ್ಯಾಗನ್ನಿಗೆ ಸಿಕ್ಕಿ ಸತ್ತ ಎಂದಾದರೆ ಆ ಬಸುರಿಗೆ ಬಿಡಿಗಾಸೂ ಸಿಗದು, ಕೆಲಸವೂ ಸಿಗದು ಎಂದು ರೈಲ್ವೆಯಲ್ಲಿ ಕೂದಲು ಬೆಳ್ಳಗಾದ ಅವರಿಗೆ ಗೊತ್ತಿತ್ತು.

"ಪೂಜೆ ಮಾತು ಯಾರ ಬಾಯಲ್ಲೂ ಬರಕೂಡ್ದು ಅಂದ್ರು. ನಿಮ್ಗೇನಾಗುತ್ತೆ ಜಮಾದಾರ್ರೇ ಅಂದೆ. ನನ್ ಹೆಂಡ್ತಿಗೆ ನಾನಿದೀನಿ, ಅವ್ಳಿಗ್ಯಾರಿದಾರೆ ಅಂದ್ರು."

ಕರೆಂಟು ಹೋಯಿತು. ಪರದೆ ಸಣ್ಣ ಚುಕ್ಕೆಯಾಗಿ ಆರಿತು. ಮೇಷ್ಟ್ರು ಆ ಚುಕ್ಕೆ ಇದ್ದ ಜಾಗವನ್ನೇ ನೋಡುತ್ತಿದ್ದರು. ಕರೆಂಟು ಬಂದು, ಧೂಳು ಬಿಸಿಯಾಗುವ ಆ ವಾಸನೆ ಕೋಣೆಯಲ್ಲಿ ತುಂಬಿದಾಗಲೂ ಅವರು ಹಾಗೆಯೇ ಕೂತಿದ್ದರು. ತಾತನನ್ನು ಮನೆಗೆ ಬಿಟ್ಟುಬಂದವನು ನಾನು.

ವಾರ ಕಳೆದ ಮೇಲೆ ಮೇಷ್ಟ್ರು ನನ್ನ ಬಾಡಿಗೆ ಕೋಣೆಗೆ ಬಂದರು. ಅವರು ಅಲ್ಲಿಗೆ ಬಂದದ್ದು ಅದೊಂದೇ ಸಲ. ಕೂರಿ ಎಂದರೂ ಕೂರಲಿಲ್ಲ. ಬರೆಯಬೇಡಿ ಎಂದು ಹೇಳಲು ಬಂದಿದ್ದರು. ಆ ನೀರು ಕೊಡುವಾಕೆ ಇನ್ನೂ ನಿಲ್ದಾಣದಲ್ಲಿದ್ದಳು. ನಿವೃತ್ತಿಗೆ ಸ್ವಲ್ಪ ಕಾಲ ಉಳಿದಿತ್ತು. ಕೆಲಸದ ಮಾತು ಹಾಗಿರಲಿ, ಗಂಡ ತನ್ನ ಕೈಯಾರೆ ತೆಗೆದ ಬೆಣೆಯಿಂದ ಸತ್ತ ಎಂದು ಈ ವಯಸ್ಸಿನಲ್ಲಿ ಆಕೆ ಪೇಪರಿನಲ್ಲಿ ಓದಬೇಕೇ ಎಂದು ಕೇಳಿದರು. ನಾನು ನಿಮ್ಮ ತಾಯಿಗಾದರೂ ಹೇಳಿದಿರಾ ಎಂದೆ. ಇಷ್ಟು ವರ್ಷ ಗಂಡನ ಮೇಲಿನ ಆ ಮಾತನ್ನು ಹೊತ್ತು ತಿರುಗಿದವರಿಗೆ ಅದು ಗೊತ್ತಾಗಬೇಕಲ್ಲವೇ ಎಂದೆ.

"ಹೇಳ್ದೆ ಸಾರ್. ಗೊತ್ತಿತ್ತು ಕಣೋ ಅಂದ್ರು. ಅವತ್ತು ಸಾಯಂಕಾಲವೇ ಗೊತ್ತಿತ್ತಂತೆ. ಅಪ್ಪನ ಪಂಚೇಲಿದ್ದ ಕುಂಕುಮದ ಕರೆ ಒಗೆದವರೇ ಅವ್ರು."

ಗೋಡೆಯ ಮೇಲೆ ಓರೆಯಾಗಿದ್ದ ಕ್ಯಾಲೆಂಡರನ್ನು ನೇರ ಮಾಡಿದರು.

"ಆ ಮನೇಲಿ ಅವ್ರನ್ನ ತಪ್ಪಿತಸ್ಥ ಅಂದ್ಕೊಂಡಿದ್ದವನು ನಾನೊಬ್ನೇ."

ಮಗನಿಗೆ ಯಾಕೆ ಹೇಳಲಿಲ್ಲವಂತೆ ಎಂದು ನಾನು ಕೇಳಲಿಲ್ಲ. ಅವರೇ ಹೇಳಿದರು. ಶಾಲೆಗೆ ಹೋಗುವ ವಯಸ್ಸಿನವನು, ಬೇರೆ ಹುಡುಗರು ಚುಡಾಯಿಸಿದರೆ ರೋಷಕ್ಕೆ ಬಾಯಿಬಿಡುತ್ತೀಯ ಎಂದು ಮೊದಲು ಹೇಳಲಿಲ್ಲವಂತೆ. ಬೆಳೆದ ಮೇಲೆ ಊಟದ ಹೊತ್ತಿನ ಆ ಮಾತು ಬಂತು. ಅದಾದ ಮೇಲೆ ಹೇಳಬೇಡ ಎಂದು ತಂದೆಯೇ ತಡೆದರಂತೆ. ಈಗ ಹೇಳಿದರೆ ಆಡಿದ ಮಾತಿಗೆ ಹುಡುಗ ನೊಂದುಕೊಳ್ಳುತ್ತಾನೆ ಎಂದು...

ಅವರು ಆ ಯಾರ್ಡನ್ನು ಅಳಿಸಲಿಲ್ಲ. ಆಮೇಲೂ ಮಧ್ಯಾಹ್ನಗಳಲ್ಲಿ ಕೂತು ಏನೋ ತಿದ್ದುತ್ತಿದ್ದರು. ಒಮ್ಮೆ ಇಣುಕಿದಾಗ ಕೊನೆಯ ಬಾಗಿಲ ಮುಂದೆ ವ್ಯಾಗನ್ನು ನಿಂತಿತ್ತು, ಚಕ್ರದ ಕೆಳಗೆ ಮರದ ಬಣ್ಣದ ಒಂದು ಸಣ್ಣ ತ್ರಿಕೋನ ಬರೆದಿದ್ದರು. ಲೆಕ್ಕಕ್ಕೆ ಅದರಿಂದ ಏನೂ ಆಗುತ್ತಿರಲಿಲ್ಲ, ಬರೀ ಚಿತ್ರ. ಇಂಜಿನ್ನನ್ನು ಯಾರ್ಡಿನಿಂದ ತೆಗೆದುಬಿಟ್ಟಿದ್ದರು. ತಳ್ಳುವವರು ಯಾರೂ ಇರಲಿಲ್ಲ.

ಹೊಸ ಶತಮಾನದ ಮೊದಲ ವರ್ಷಗಳಲ್ಲಿ ನನಗೆ ಬೆಂಗಳೂರಿನ ಕಚೇರಿಗೆ ವರ್ಗವಾಯಿತು. ಮೇಷ್ಟ್ರ ತಾಯಿ ಹೋದ ಸುದ್ದಿ ತಿಳಿದಾಗ ಹೋಗಿ ಮಾತಾಡಿಸಿ ಬಂದೆ. ಮೇಷ್ಟ್ರೇ ಹೋದದ್ದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಹೃದಯದ ತೊಂದರೆ ಎಂದರು. ಬಟ್ಟೆ ಅಂಗಡಿಯವರು ಮಹಡಿಯನ್ನು ಗೋಡೌನ್ ಮಾಡಿಕೊಂಡಿದ್ದರು. ಟೈಪ್‌ರೈಟರುಗಳನ್ನೂ ಕಂಪ್ಯೂಟರುಗಳನ್ನೂ ದೂರದ ಸಂಬಂಧಿಕರು ಬಂದು ಒಟ್ಟಿಗೆ ಗುಜರಿಗೆ ಕೊಟ್ಟರಂತೆ. ಆ ಯಾರ್ಡಿನ ನಕಲನ್ನು ಮೇಷ್ಟ್ರು ಬೇರೆಲ್ಲಾದರೂ ಇಟ್ಟಿದ್ದರೇ ಎಂದು ಅಂಗಡಿಯವರನ್ನು ವಿಚಾರಿಸಿದೆ. ನಾನು ಏನು ಕೇಳುತ್ತಿದ್ದೇನೆಂದೇ ಅವರಿಗೆ ತಿಳಿಯಲಿಲ್ಲ. ನೆಲದ ಮೇಲಿದ್ದ ಯಾರ್ಡನ್ನು ಕಿತ್ತಾಗ ಪತ್ರಿಕೆಯಲ್ಲಿ ನಾಲ್ಕು ಸಾಲು ಬಂದಿತ್ತು. ಇದಕ್ಕೆ ಅದೂ ಇಲ್ಲ.

ಈಗ ಆ ಜಾಗದಲ್ಲಿ ವಾಹನ ನಿಲ್ಲಿಸುತ್ತಾರೆ. ವಿಮಾನ ನಿಲ್ದಾಣ ಬಂದ ಮೇಲೆ ಸುತ್ತಲಿನ ಗುರುತೇ ಬದಲಾಗಿದೆ. ಮಾನಿಟರ್ ಸಿಕ್ಕಿದ ವಾರ ಅಲ್ಲಿಗೆ ಹೋಗಿದ್ದೆ. ಪಾಳುಬಾವಿ ಎಲ್ಲಿತ್ತೆಂದು ಕೇಳಿದರೆ ಹೇಳುವವರು ಸಿಗಲಿಲ್ಲ. ಹಮಾಲಿ ತಾತ ಎಂದೋ ಹೋದರು. ನೀರು ಕೊಡುತ್ತಿದ್ದಾಕೆ ಹೋದ ವರ್ಷ ತೀರಿಕೊಂಡರೆಂದು ನಿಲ್ದಾಣದ ಹೊರಗಿನ ಹೋಟೆಲಿನವರು ಹೇಳಿದರು. ಹಾಗೆಯೇ ಮಾತು ಬಂದು, ಅವರ ಗಂಡ ಇಲ್ಲೇ ಸತ್ತದ್ದು, ಯಾವನೋ ಜಮಾದಾರ ಬೆಣೆ ಇಡೋದು ಮರೆತಿದ್ದನಂತೆ ಎಂದೂ ಸೇರಿಸಿದರು. ಹೇಳಿದವರಿಗೆ ಮೂವತ್ತು ವಯಸ್ಸೂ ಇರಲಿಕ್ಕಿಲ್ಲ. ನಾನು ಕಾಫಿ ಕುಡಿದು ಎದ್ದೆ. ಅಲ್ಲಿ ಏನೂ ಹೇಳಲಿಲ್ಲ.

ಹೇಳಬೇಕಾದ್ದನ್ನು ಇಲ್ಲಿ ಬರೆದಿದ್ದೇನೆ. ಬರೆಯಬೇಡಿ ಎಂದು ಅವರು ಕೇಳಿಕೊಂಡದ್ದು ಒಬ್ಬಾಕೆಯ ಸಲುವಾಗಿ. ಆಕೆ ಈಗ ಇಲ್ಲವಾದ್ದರಿಂದ ಆ ಮಾತಿನ ಕಟ್ಟು ಮುಗಿಯಿತು ಎಂದು ನಾನು ಅಂದುಕೊಂಡಿದ್ದೇನೆ. ಸರಿಯೋ ತಪ್ಪೋ ಗೊತ್ತಿಲ್ಲ. ಅಚ್ಚಿಗೆ ಕಳಿಸುವ ಮುನ್ನ ಸಂಬಂಧಪಟ್ಟವರನ್ನು ಒಮ್ಮೆ ಕೇಳುವುದು ನಮ್ಮ ಕೆಲಸದ ನಿಯಮ. ಈ ಒಂದಕ್ಕೆ, ಕೇಳಲು ನನಗೆ ಅಂದಿನವರು ಯಾರೂ ಉಳಿದಿಲ್ಲ.